ತುಟಿ, ದನಿ, ದೃಶ್ಯ: ಸಿನಿಮಾದ ಡಬ್ಬಿಂಗ್ ಮತ್ತು ಕಂಟಿನ್ಯೂಟಿ ದೋಷಗಳ ಪತ್ತೆಗೊಂದು ಕೈಪಿಡಿ

ಪಾತ್ರದ ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದಂತೆ ಕಂಡ ಕೂಡಲೇ ‘ಡಬ್ಬಿಂಗ್ ಕೆಟ್ಟಿದೆ’ ಎಂದು ತೀರ್ಪು ಕೊಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಚಿತ್ರೀಕರಣದ ಜಾಗದಿಂದ ನಮ್ಮ ಮನೆಯ ಟಿವಿಗೆ ತಲುಪುವಷ್ಟರಲ್ಲಿ ಚಿತ್ರವೂ ಧ್ವನಿಯೂ ಸಂಕಲನದ ಮೇಜು, ಡಬ್ಬಿಂಗ್ ಸ್ಟುಡಿಯೋ, ಮಿಕ್ಸಿಂಗ್ ಕೊಠಡಿ, ಸೆನ್ಸಾರ್, ಪ್ರಸಾರ ಸಂಸ್ಥೆ, ಕೊನೆಗೆ ನಮ್ಮದೇ ಸ್ಪೀಕರು ಎಂದು ಹಲವು ಕಡೆ ಹಾದುಬಂದಿರುತ್ತವೆ, ಮತ್ತು ದೋಷ ಇವುಗಳಲ್ಲಿ ಎಲ್ಲಿ ಬೇಕಾದರೂ ಸೇರಿಕೊಂಡಿರಬಹುದು. ಕಂಠದಾನ ಮಾಡಿದ ಕಲಾವಿದರನ್ನು ದೂರುವ ಮುನ್ನ ನಮ್ಮ ಬ್ಲೂಟೂತ್ ಹೆಡ್‌ಫೋನನ್ನು ಅನುಮಾನಿಸುವುದು ನ್ಯಾಯ.

ಈ ಕೈಪಿಡಿ ಒಂದು ಸೂತ್ರವನ್ನು ನೆಚ್ಚಿಕೊಂಡಿದೆ. ದೋಷವು ಎಲ್ಲ ದೃಶ್ಯಗಳಲ್ಲಿ, ಎಲ್ಲ ಪಾತ್ರಗಳಲ್ಲಿ ಒಂದೇ ಪ್ರಮಾಣದಲ್ಲಿ ಕಾಣಿಸಿದರೆ ಅದು ಬಹುಪಾಲು ಯಂತ್ರದ್ದು. ಶಾಟಿನಿಂದ ಶಾಟಿಗೆ, ಪಾತ್ರದಿಂದ ಪಾತ್ರಕ್ಕೆ ಬದಲಾಗುತ್ತಿದ್ದರೆ ಅದು ಬಹುಪಾಲು ಮನುಷ್ಯರದು. ಮುಂದಿನ ಪರೀಕ್ಷೆಗಳನ್ನು ಖರ್ಚಿಲ್ಲದ, ಸುಲಭವಾದವುಗಳಿಂದ ಆರಂಭಿಸಿ ಕಣ್ಣು ಕಿವಿಗಳಿಗೆ ಹೆಚ್ಚು ಅಭ್ಯಾಸ ಬೇಡುವವುಗಳತ್ತ ಜೋಡಿಸಲಾಗಿದೆ.

ಲಕ್ಷಣ: ಇಡೀ ಚಿತ್ರದಲ್ಲಿ ಮಾತು ಒಂದೇ ಸಮನೆ ಹಿಂದೆ ಅಥವಾ ಮುಂದೆ ಇದೆ

ಮೊದಲು ಮಾತನ್ನು ಬಿಟ್ಟು ಸದ್ದನ್ನು ನೋಡಿ. ಬಾಗಿಲು ಮುಚ್ಚುವುದು, ಕೆನ್ನೆಗೆ ಏಟು ಬೀಳುವುದು, ಚಪ್ಪಾಳೆ, ಲೋಟವನ್ನು ಮೇಜಿನ ಮೇಲೆ ಕುಕ್ಕುವುದು ಇವೆಲ್ಲ ಕಣ್ಣಿಗೂ ಕಿವಿಗೂ ಒಂದೇ ಕ್ಷಣದಲ್ಲಿ ದಕ್ಕಬೇಕಾದ ಘಟನೆಗಳು. ಬಾಗಿಲಿನ ಸದ್ದೂ ಮಾತಿನಷ್ಟೇ ತಡವಾಗಿ ಬರುತ್ತಿದ್ದರೆ ಡಬ್ಬಿಂಗಿನ ತಪ್ಪಲ್ಲ, ಇಡೀ ಧ್ವನಿಪಥವೇ ಸರಿದಿದೆ ಎಂದರ್ಥ. ಬಾಗಿಲು ಸರಿಯಾಗಿ ಮುಚ್ಚಿ ಮಾತು ಮಾತ್ರ ತಪ್ಪುತ್ತಿದ್ದರೆ ಅನುಮಾನ ಡಬ್ಬಿಂಗಿನತ್ತ ಹೊರಳುತ್ತದೆ, ಏಕೆಂದರೆ ಭಾಷೆ ಬದಲಿಸುವಾಗ ಸಾಮಾನ್ಯವಾಗಿ ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನು ಹಾಗೆಯೇ ಉಳಿಸಿಕೊಂಡು ಸಂಭಾಷಣೆಯನ್ನಷ್ಟೇ ಹೊಸದಾಗಿ ಕೂರಿಸಲಾಗುತ್ತದೆ.

ಇಡೀ ಧ್ವನಿ ಸರಿದಿರುವಾಗ ಕ್ರಮವಾಗಿ ಹೀಗೆ ಪರೀಕ್ಷಿಸಬೇಕು. ಅದೇ ಟಿವಿಯಲ್ಲಿ ಬೇರೊಂದು ಚಿತ್ರವನ್ನೋ ವಾರ್ತೆಯನ್ನೋ ಹಾಕಿ. ಅಲ್ಲಿಯೂ ತಪ್ಪಿದ್ದರೆ ದೋಷ ನಿಮ್ಮ ಮನೆಯದು. ಬ್ಲೂಟೂತ್ ಸ್ಪೀಕರು ಅಥವಾ ಹೆಡ್‌ಫೋನನ್ನು ಬಿಡಿಸಿ ಟಿವಿಯದೇ ಸ್ಪೀಕರಿನಲ್ಲಿ ಕೇಳಿ, ಏಕೆಂದರೆ ಧ್ವನಿಯನ್ನು ಕುಗ್ಗಿಸಿ ಕಳಿಸಿ ಮತ್ತೆ ಹಿಗ್ಗಿಸುವ ಆ ಪ್ರಕ್ರಿಯೆಯಲ್ಲಿಯೇ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಕಳೆದುಹೋಗಬಹುದು. ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಿರಿ, ಸೆಟ್‌ಟಾಪ್ ಬಾಕ್ಸನ್ನು ಆರಿಸಿ ಮತ್ತೆ ಹಚ್ಚಿ. ಅದಕ್ಕೂ ಬಗ್ಗದಿದ್ದರೆ ಟಿವಿ ಅಥವಾ ಸೌಂಡ್‌ಬಾರಿನ ಸೆಟ್ಟಿಂಗಿನಲ್ಲಿ ಧ್ವನಿಯನ್ನು ತಡಮಾಡುವ ಆಯ್ಕೆ ಇದೆಯೇ ಹುಡುಕಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಬಳಸುವವರು ವಿಂಡೋಸ್‌ನಲ್ಲಾದರೆ ‘ಜೆ’ ಮತ್ತು ‘ಕೆ’ ಕೀಲಿಗಳಿಂದ ಧ್ವನಿಯನ್ನು ಒಂದು ಒತ್ತಿಗೆ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸಬಹುದು. ‘ಕೆ’ ಒತ್ತಿದರೆ ಧ್ವನಿ ಇನ್ನಷ್ಟು ತಡವಾಗುತ್ತದೆ. ಒಂದು ದೃಶ್ಯದಲ್ಲಿ ಹೀಗೆ ಸರಿಪಡಿಸಿದ್ದು ಇಡೀ ಚಿತ್ರಕ್ಕೆ ಸರಿಹೊಂದಿದರೆ ಯಂತ್ರದ ದೋಷವೆಂಬುದು ಸಾಬೀತಾದಂತೆಯೇ.

ಎಷ್ಟು ಅಂತರವಿದ್ದರೆ ದೋಷವೆನ್ನಬೇಕು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನ ಪ್ರಕಾರ ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಿದ್ದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ, ಆದರೆ ಹಿಂದಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮುಗಳ) ಸಿನಿಮಾದಲ್ಲಿ ಒಂದು ಚೌಕಟ್ಟಿಗೆ ಸುಮಾರು 42 ಮಿಲಿಸೆಕೆಂಡು, ಅಂದರೆ ಒಂದೇ ಚೌಕಟ್ಟಿನಷ್ಟು ಮುಂದೆ ಬಂದ ಮಾತೂ ಸೂಕ್ಷ್ಮ ಕಿವಿಗೆ ಕಸಿವಿಸಿ ಉಂಟುಮಾಡೀತು. ದೂರದಲ್ಲಿ ಬಟ್ಟೆ ಒಗೆಯುವವರ ಏಟಿನ ಸದ್ದು ತಡವಾಗಿ ಬರುವುದನ್ನು ನಾವೆಲ್ಲ ಕೇಳಿದ್ದೇವೆ, ಆದರೆ ಏಟಿಗೆ ಮೊದಲೇ ಸದ್ದು ಬಂದದ್ದನ್ನು ನಿಸರ್ಗದಲ್ಲಿ ಎಂದೂ ಕೇಳಿಲ್ಲವಾದ್ದರಿಂದ ಈ ಪಕ್ಷಪಾತ ಸಹಜವೇ. ಸದ್ದು ಬೆಳಕಿಗಿಂತ ನಿಧಾನವಾಗಿ ಚಲಿಸುವುದರಿಂದ ಚಿತ್ರಮಂದಿರದಲ್ಲಿಯೂ ಪರದೆಯಿಂದ 30 ಮೀಟರು ಹಿಂದೆ ಕುಳಿತವರಿಗೆ ಮಾತು ಸುಮಾರು 90 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಕೊನೆಯ ಸಾಲಿನಿಂದ ನೀಡಿದ ತೀರ್ಪನ್ನು ಮಧ್ಯದ ಸಾಲಿನಲ್ಲಿ ಕುಳಿತು ಮತ್ತೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಎಚ್ಚರಿಕೆ: ಸೆಟ್ಟಿಂಗಿನಲ್ಲಿ ಸರಿಹೋಗದ ದೋಷಕ್ಕಾಗಿ ಟಿವಿಯ ಹಿಂಬದಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ವಿದ್ಯುತ್ ಭಾಗಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. ಎಲ್ಲ ಚಿತ್ರಗಳಲ್ಲಿಯೂ ದೋಷ ಮುಂದುವರಿದರೆ ಕಂಪನಿಯ ಸರ್ವೀಸಿನವರನ್ನು ಕರೆಸುವ ಹಂತ ಬಂದಿದೆ ಎಂದು ತಿಳಿಯಬೇಕು.

ಲಕ್ಷಣ: ಆರಂಭದಲ್ಲಿ ಸರಿಯಿದ್ದದ್ದು ಬರಬರುತ್ತ ತಪ್ಪುತ್ತದೆ

ಅಂತರವು ನಿಧಾನವಾಗಿ, ಒಂದೇ ಸಮನೆ ಬೆಳೆಯುತ್ತಿದ್ದರೆ ಚಿತ್ರದ ವೇಗಕ್ಕೂ ಧ್ವನಿಯ ವೇಗಕ್ಕೂ ಹೊಂದಿಕೆಯಿಲ್ಲ ಎಂದರ್ಥ. ಸೆಕೆಂಡಿಗೆ 24 ಚೌಕಟ್ಟುಗಳಿಗೆ ತಯಾರಾದ ಧ್ವನಿಯನ್ನು 23.976 ಚೌಕಟ್ಟುಗಳಲ್ಲಿ ಓಡುವ ಚಿತ್ರಕ್ಕೆ ಕೂರಿಸಿದರೆ ಗಂಟೆಗೆ ಸುಮಾರು 3.6 ಸೆಕೆಂಡು ವ್ಯತ್ಯಾಸ ಬೀಳುತ್ತದೆ, ಮತ್ತು ಎರಡೂವರೆ ಗಂಟೆಯ ಚಿತ್ರದ ಕ್ಲೈಮ್ಯಾಕ್ಸಿನಲ್ಲಿ ನಾಯಕನ ಸವಾಲು ಅವನ ಬಾಯಿ ತೆರೆಯುವ 9 ಸೆಕೆಂಡು ಮೊದಲೇ ಕೇಳಿಬರುತ್ತದೆ. ಇದು ಅಧಿಕೃತ ಆವೃತ್ತಿಗಳಲ್ಲಿ ಅಪರೂಪ. ಎಲ್ಲಿಂದಲೋ ಚಿತ್ರ, ಇನ್ನೆಲ್ಲಿಂದಲೋ ಧ್ವನಿ ತಂದು ಜೋಡಿಸಿದ ಕಳ್ಳಪ್ರತಿಗಳಲ್ಲಿ ಮಾಮೂಲು. ಅಂಥ ಪ್ರತಿಯನ್ನು ಆಧರಿಸಿ ಚಿತ್ರತಂಡದ ಬಗ್ಗೆ ಮಾತನಾಡುವುದು ಸಲ್ಲದು.

ಹೊಂದಿಕೆ ತಪ್ಪದಿದ್ದರೂ ಎಲ್ಲರ ದನಿ ಸ್ವಲ್ಪ ತೆಳುವಾಗಿ, ಹಾಡಿನ ಶ್ರುತಿ ಕೊಂಚ ಮೇಲಾಗಿ ಕೇಳಿಸಿದರೆ 24 ಚೌಕಟ್ಟುಗಳ ಚಿತ್ರವನ್ನು ಟಿವಿಗಾಗಿ 25ರ ವೇಗದಲ್ಲಿ ಓಡಿಸಿರುವ ಸಾಧ್ಯತೆಯಿದೆ. ವೇಗ ಶೇಕಡಾ 4ರಷ್ಟು ಹೆಚ್ಚುತ್ತದೆ, ಶ್ರುತಿ ಅರ್ಧಸ್ವರದ (ಸೆಮಿಟೋನ್) ಮುಕ್ಕಾಲು ಭಾಗಕ್ಕೆ ಸ್ವಲ್ಪ ಕಡಿಮೆಯಷ್ಟು ಏರುತ್ತದೆ. ಚಿರಪರಿಚಿತ ಹಾಡಿನ ಮೂಲ ಧ್ವನಿಮುದ್ರಣವನ್ನು ಪಕ್ಕದಲ್ಲಿಟ್ಟು ಕೇಳಿದರೆ ಸಂಗೀತ ತಿಳಿದವರಿಗೆ ಕೂಡಲೇ ಗೊತ್ತಾಗುತ್ತದೆ.

ಅಂತರ ನಿಧಾನವಾಗಿ ಬೆಳೆಯದೆ ಥಟ್ಟನೆ ಒಂದು ಹಂತದಲ್ಲಿ ಬದಲಾದರೆ ಗಡಿಯಾರ ನೋಡಿಕೊಳ್ಳಿ. 35 ಮಿಲಿಮೀಟರಿನ 1000 ಅಡಿ ಫಿಲ್ಮು ಸುಮಾರು 11 ನಿಮಿಷ ಓಡುತ್ತದೆ. ಹಳೆಯ ಕನ್ನಡ ಚಿತ್ರವೊಂದರಲ್ಲಿ ಸುಮಾರು 11 ಅಥವಾ 22 ನಿಮಿಷಗಳ ಅಂತರದಲ್ಲಿ ಹೊಂದಿಕೆ ಕೆಟ್ಟು ಮತ್ತೆ ಸರಿಯಾಗುತ್ತಿದ್ದರೆ, ರೀಲುಗಳನ್ನು ಒಂದೊಂದಾಗಿ ಡಿಜಿಟಲ್ ರೂಪಕ್ಕೆ ತಂದು ಜೋಡಿಸುವಾಗ ತಪ್ಪಾಗಿದೆ ಎಂದು ಊಹಿಸುವುದಕ್ಕೆ ಬಲವಾದ ಆಧಾರವಿದೆ. ಆ ಕಾಲದ ಧ್ವನಿ ತಂತ್ರಜ್ಞರಿಗೆ ಇದರ ಹೊಣೆ ಹೊರಿಸಬಾರದು.

ಲಕ್ಷಣ: ತುಟಿ ಒಂದನ್ನು ಹೇಳುತ್ತದೆ, ಕಿವಿಗೆ ಇನ್ನೊಂದು ಕೇಳುತ್ತದೆ

ಬಾಗಿಲಿನ ಸದ್ದು ಸರಿಯಿದೆ, ಮಾತಿನ ಆರಂಭ ಮತ್ತು ಮುಕ್ತಾಯವೂ ಸರಿಯಿದೆ, ಆದರೂ ಏನೋ ಕೂರುತ್ತಿಲ್ಲ. ಇದು ಭಾಷೆ ಬದಲಾಯಿಸಿದ ಡಬ್ಬಿಂಗಿನ ಮುಖ್ಯ ಲಕ್ಷಣ. ಇಲ್ಲಿ ಅತ್ಯಂತ ಅಗ್ಗದ ಪರೀಕ್ಷೆಯೆಂದರೆ ಒಟಿಟಿಯಲ್ಲಿ ಅದೇ ದೃಶ್ಯವನ್ನು ಬೇರೆ ಭಾಷೆಯ ಧ್ವನಿಯಲ್ಲಿ ಹಾಕಿ ನೋಡುವುದು. ಯಾವ ಭಾಷೆಯಲ್ಲಿ ತುಟಿ ಕೂರುತ್ತದೆಯೋ ಅದೇ ಚಿತ್ರೀಕರಣದ ಭಾಷೆ.

ಆ ಸೌಲಭ್ಯ ಇಲ್ಲದಿದ್ದರೆ ಪವರ್ಗವನ್ನು ಹಿಡಿಯಿರಿ. ಪ, ಬ, ಭ, ಮ ಅಕ್ಷರಗಳನ್ನು ತುಟಿ ಮುಚ್ಚದೆ ಉಚ್ಚರಿಸಲು ಸಾಧ್ಯವೇ ಇಲ್ಲ; ವ ಮತ್ತು ‘ಫೋನ್’ನಲ್ಲಿರುವ ಫಕ್ಕೆ ಕೆಳತುಟಿ ಮೇಲಿನ ಹಲ್ಲಿನತ್ತ ಸರಿಯುತ್ತದೆ; ಕ, ತ, ನ, ಹ ಮುಂತಾದವು ಬಾಯಿಯೊಳಗೇ ನಡೆದುಹೋಗುವುದರಿಂದ ಹೊರಗಿನ ಕಣ್ಣಿಗೆ ಹೆಚ್ಚೇನೂ ಕಾಣಿಸುವುದಿಲ್ಲ. ಆದ್ದರಿಂದ ನುರಿತ ಡಬ್ಬಿಂಗ್ ಸಂಭಾಷಣಕಾರರು ಮೂಲದಲ್ಲಿ ತುಟಿ ಮುಚ್ಚಿದ ಜಾಗಕ್ಕೆ ಕನ್ನಡದಲ್ಲೂ ತುಟಿ ಮುಚ್ಚುವ ಅಕ್ಷರ ಬರುವಂತೆ ಪದ ಆರಿಸುತ್ತಾರೆ. ತೆಲುಗು, ತಮಿಳಿನ ‘ಅಮ್ಮ’ದ ಮೇಲೆ ಕನ್ನಡದ ‘ಅಮ್ಮ’ ಸಲೀಸಾಗಿ ಕೂರುತ್ತದೆ. ಹಿಂದಿಯ ‘ಮಾ’ ಮುಚ್ಚಿದ ತುಟಿಯಿಂದ ಶುರುವಾಗಿ ತೆರೆದುಕೊಳ್ಳುವುದರಿಂದ ಅದರ ಮೇಲೆ ‘ಅಮ್ಮ’ ಎಂದರೆ ಮೊದಲ ಸ್ವರಕ್ಕೆ ಬಾಯಿಯೇ ಸಿಗುವುದಿಲ್ಲ. ‘ನಹೀಂ’ ಎನ್ನುವ ಮುಖದ ಮೇಲೆ ‘ಬೇಡ’ ಇಟ್ಟರೆ ಕ್ಲೋಸಪ್ಪಿನಲ್ಲಿ ಗುಟ್ಟು ರಟ್ಟಾಗುತ್ತದೆ. ‘ಇಲ್ಲ’ ಇಟ್ಟರೆ ಉಳಿದುಕೊಳ್ಳುತ್ತದೆ. ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ ನೋಡಿ ತುಟಿ ಮುಚ್ಚಿದ ಜಾಗಗಳನ್ನು ಗುರುತಿಸಿಕೊಂಡು, ಆಮೇಲೆ ಸದ್ದಿನೊಂದಿಗೆ ನೋಡಿದರೆ ಈ ಪರೀಕ್ಷೆ ಸ್ಪಷ್ಟ ಫಲ ಕೊಡುತ್ತದೆ.

ಕಣ್ಣು ಕಿವಿಯನ್ನು ದಾರಿತಪ್ಪಿಸುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ‘ಗ’ ಎನ್ನುವ ಮುಖಕ್ಕೆ ‘ಬ’ ಎಂಬ ದನಿ ಜೋಡಿಸಿದಾಗ ಬಹಳ ಮಂದಿಗೆ ಎರಡೂ ಅಲ್ಲದ ‘ಡ’ ಕೇಳಿಸಿತೆಂದು ತೋರಿಸಿದರು. ಹೀಗಾಗಿ ಡಬ್ಬಿಂಗ್ ಚಿತ್ರದಲ್ಲಿ ಒಂದು ಪದ ‘ಅಸ್ಪಷ್ಟ’ವೆನಿಸಿದರೆ ಕಂಠದಾನದವರ ಉಚ್ಚಾರಣೆಯನ್ನು ಹಳಿಯುವ ಮೊದಲು ಕಣ್ಣು ಮುಚ್ಚಿ ಕೇಳಿ. ಆಗ ಸ್ಪಷ್ಟವಾಗಿ ಕೇಳಿಸಿದರೆ ದೋಷ ಪದದ ಆಯ್ಕೆಯದೇ ಹೊರತು ಉಚ್ಚಾರಣೆಯದಲ್ಲ.

ಇಂಗ್ಲಿಷ್ ಚಿತ್ರಗಳ ಕನ್ನಡ ಡಬ್ಬಿಂಗಿನಲ್ಲಿ ತುಟಿಗಿಂತ ತಲೆ ಮತ್ತು ಕೈಗಳೇ ಹೆಚ್ಚು ದ್ರೋಹ ಬಗೆಯುತ್ತವೆ. ಇಂಗ್ಲಿಷಿನಲ್ಲಿ ನಿರಾಕರಣೆ ವಾಕ್ಯದ ಮೊದಲ ಭಾಗದಲ್ಲಿಯೇ ಬಂದುಬಿಡುತ್ತದೆ, ನಟ ಆಗಲೇ ತಲೆ ಅಲ್ಲಾಡಿಸಿರುತ್ತಾನೆ. ಕನ್ನಡದಲ್ಲಿ ಅದು ಕ್ರಿಯಾಪದದೊಂದಿಗೆ ಕೊನೆಯಲ್ಲಿ ಬರುವುದರಿಂದ ‘ನಾನು ಹಾಗೆ ಹೇಳಿಲ್ಲ’ ಎಂಬುದರ ‘ಇಲ್ಲ’ಕ್ಕೆ ತಲೆಯಾಡಿಕೆಯೇ ಇರುವುದಿಲ್ಲ. ಹಿಂದಿ, ತೆಲುಗು, ತಮಿಳುಗಳಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುವುದರಿಂದ ಈ ತೊಂದರೆ ಕಡಿಮೆ. ಡಬ್ಬಿಂಗ್ ಚಿತ್ರಗಳನ್ನು ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶಿಸುವವರೆಗೆ ಕನ್ನಡದಲ್ಲಿ ಈ ಕಸುಬಿಗೆ ದಶಕಗಳ ಕಾಲ ಹೆಚ್ಚಿನ ಅವಕಾಶವೇ ಇರಲಿಲ್ಲ. ಬೇರೆ ಭಾಷೆಯ ತುಟಿಗೆ ಕನ್ನಡ ಹೊಂದಿಸುವ ಬರವಣಿಗೆ ನಮ್ಮಲ್ಲಿ ಇನ್ನೂ ಎಳೆಯದು ಎಂಬ ರಿಯಾಯಿತಿಯನ್ನು ವಿಮರ್ಶಕರು ಕೊಡಬೇಕೆಂದು ನನ್ನ ಅಭಿಪ್ರಾಯ.

ಇದೇ ಲಕ್ಷಣ ನೇರ ಕನ್ನಡ ಚಿತ್ರದಲ್ಲಿಯೂ ಕಾಣಬಹುದು. ಒಂದೇ ಪಾತ್ರದ ತುಟಿ ಮಾತ್ರ ತಪ್ಪುತ್ತಿದ್ದರೆ ಕನ್ನಡ ಬಾರದ ನಟಿಯೋ ನಟನೋ ಪ್ರಾಂಪ್ಟಿಂಗ್ ಕೇಳಿಸಿಕೊಂಡು ಸಂಭಾಷಣೆ ಒಪ್ಪಿಸಿರಬಹುದು. ಕ್ಲೋಸಪ್ಪಿನಲ್ಲಿ ಸರಿಯಾಗಿ ಕೂತು ವೈಡ್ ಶಾಟಿನಲ್ಲಿ ತಪ್ಪಿದರೆ ಚಿತ್ರವನ್ನು ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ತೆಗೆದು, ಕ್ಲೋಸಪ್ಪುಗಳನ್ನು ಮಾತ್ರ ಭಾಷೆಗೊಂದರಂತೆ ಚಿತ್ರೀಕರಿಸಿರುವ ಸಾಧ್ಯತೆಯಿದೆ. ಇಡೀ ಸಂಭಾಷಣೆ ಸರಿಯಿದ್ದು ಒಂದೇ ಪದ ಮಾತ್ರ ತುಟಿಗೆ ಹೊಂದದಿದ್ದರೆ, ಅಥವಾ ಅಲ್ಲಿ ದನಿಯೇ ಮಾಯವಾದರೆ, ಸೆನ್ಸಾರ್, ಅಂದರೆ ಚಲನಚಿತ್ರ ಪ್ರಮಾಣಪತ್ರ ಮಂಡಳಿಯ ಸೂಚನೆಯಂತೆ ಪದ ಬದಲಿಸಿದ್ದನ್ನು ಅಥವಾ ಮ್ಯೂಟ್ ಮಾಡಿದ್ದನ್ನು ಮೊದಲು ಅನುಮಾನಿಸಬೇಕು. ಮಾತು ಕೇಳಿಬರುವಾಗಲೆಲ್ಲ ಪಾತ್ರ ಬೆನ್ನು ತಿರುಗಿಸಿಯೇ ಇದ್ದರೆ ಕಥೆಯ ಯಾವುದೋ ಎಳೆಯನ್ನು ಸಂಕಲನದ ನಂತರ ಸೇರಿಸಿದ್ದಾರೆ ಎಂದು ತಿಳಿಯಬಹುದು. ತುಟಿ ಕಾಣದ ಶಾಟು ಅಂಥ ಸೇರ್ಪಡೆಗೆ ಅತ್ಯಂತ ಅನುಕೂಲದ ಜಾಗ.

ಲಕ್ಷಣ: ತುಟಿ ಸರಿಯಿದೆ, ಆದರೆ ದನಿ ಆ ಜಾಗದ್ದಲ್ಲ

ಬೆಟ್ಟದ ಮೇಲೆ ನಿಂತು ಕೂಗುವ ಪಾತ್ರದ ದನಿ ಮಂಚದ ಪಕ್ಕದಲ್ಲಿ ಪಿಸುಗುಟ್ಟಿದಷ್ಟು ಹತ್ತಿರದಿಂದ ಕೇಳಿದರೆ, ಓಡಿಬಂದವನ ಮಾತಿನಲ್ಲಿ ಏದುಸಿರೇ ಇಲ್ಲದಿದ್ದರೆ, ಮಾತು ಆರಂಭವಾಗುವಾಗ ಸುತ್ತಲಿನ ಜೀರುಂಡೆ ಸದ್ದು ಕತ್ತರಿಸಿಹೋಗಿ ಮಾತು ಮುಗಿದೊಡನೆ ಮರಳಿದರೆ, ಅದು ಡಬ್ಬಿಂಗ್ ಕೊಠಡಿಯ ಅಥವಾ ಮಿಕ್ಸಿಂಗಿನ ದೋಷ. ದಕ್ಷಿಣದ ಚಿತ್ರರಂಗಗಳಲ್ಲಿ ಕಲಾವಿದರು ತಮ್ಮದೇ ಪಾತ್ರಕ್ಕೆ ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಮಾತು ತುಂಬುವುದು ದೀರ್ಘಕಾಲದ ರೂಢಿ. ಬಹುಬಳಕೆಯಲ್ಲಿದ್ದ ಆರಿಫ್ಲೆಕ್ಸ್ 2ಸಿ ಕ್ಯಾಮೆರಾದ ಗರಗರ ಸದ್ದು ಸ್ಥಳದಲ್ಲಿಯೇ ಮಾತು ಮುದ್ರಿಸಲು ಬಿಡುತ್ತಿರಲಿಲ್ಲ. ಹಾಗಾಗಿ ‘ಡಬ್ಬಿಂಗ್ ಆಗಿದೆ’ ಎಂಬುದೇ ದೋಷವಲ್ಲ. ಕೊಠಡಿಯಲ್ಲಿ ಮುದ್ರಿಸಿದ ಮಾತಿಗೆ ದೃಶ್ಯದ ಜಾಗದ ಮಾರ್ದನಿ, ದೂರ, ಉಸಿರು ಮತ್ತು ಹಿನ್ನೆಲೆಯ ಸದ್ದನ್ನು ಮರಳಿ ಕೊಡದಿರುವುದು ದೋಷ. ತುಲನೆಗೆ, ‘ಉಳಿದವರು ಕಂಡಂತೆ’ ಮತ್ತು ‘ತಿಥಿ’ಯಂಥ ಸಿಂಕ್ ಸೌಂಡ್ (ಚಿತ್ರೀಕರಣದ ಸ್ಥಳದಲ್ಲಿಯೇ ಮಾತು ಮುದ್ರಿಸಿದ) ಚಿತ್ರಗಳನ್ನು ಕೇಳಿದರೆ ಸ್ಥಳದ ದನಿ ಹೇಗಿರುತ್ತದೆಂಬ ಅಂದಾಜು ಸಿಗುತ್ತದೆ.

ಈ ಪರೀಕ್ಷೆಗೆ ತಂತಿಯ ಹೆಡ್‌ಫೋನ್ ಬೇಕು. ಸಣ್ಣ ಸದ್ದುಗಳನ್ನು ಹಿಡಿಯಲೆಂದು ವಾಲ್ಯೂಮ್ ಏರಿಸಿಟ್ಟುಕೊಂಡು ದೃಶ್ಯವನ್ನು ಓಡಲು ಬಿಡಬಾರದು, ಏಕೆಂದರೆ ಪಿಸುಮಾತಿನ ಮರುಕ್ಷಣವೇ ಬಾಂಬು ಸಿಡಿಯುವುದು ನಮ್ಮ ಚಿತ್ರಗಳಲ್ಲಿ ಅಪರೂಪವೇನಲ್ಲ. ಕಿವಿಯಲ್ಲಿ ಗುಯ್ಗುಟ್ಟುವಿಕೆ ಶುರುವಾದರೆ ಪರೀಕ್ಷೆ ನಿಲ್ಲಿಸಿ. ಮರುದಿನಕ್ಕೂ ಅದು ಉಳಿದರೆ ಕಿವಿಯ ವೈದ್ಯರನ್ನು ಕಾಣಬೇಕು.

ಪರಿಚಿತ ನಟನ ಮುಖಕ್ಕೆ ಅಪರಿಚಿತ ದನಿ ಬಂದರೂ ದೋಷವೆಂದು ಬರೆದುಕೊಳ್ಳುವ ಮುನ್ನ ಚಿತ್ರದ ಇತಿಹಾಸ ವಿಚಾರಿಸಬೇಕು. ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ 2022ರ ಮಾರ್ಚ್ 17ರಂದು ತೆರೆಕಂಡ ‘ಜೇಮ್ಸ್’ನಲ್ಲಿ ಅವರ ಪಾತ್ರಕ್ಕೆ ದನಿ ಕೊಟ್ಟವರು ಅಣ್ಣ ಶಿವರಾಜ್‌ಕುಮಾರ್.

ಲಕ್ಷಣ: ವಸ್ತು, ಉಡುಪು, ಕೂದಲು ತಮ್ಮಷ್ಟಕ್ಕೇ ಬದಲಾಗುತ್ತವೆ

ಇನ್ನು ಕಂಟಿನ್ಯೂಟಿಗೆ, ಅಂದರೆ ಒಂದು ಶಾಟಿನಲ್ಲಿ ಕಂಡದ್ದು ಮುಂದಿನ ಶಾಟಿನಲ್ಲಿಯೂ ಹಾಗೆಯೇ ಮುಂದುವರಿಯುವ ಹೊಂದಿಕೆಗೆ ಬರೋಣ. ಒಂದು ದೃಶ್ಯವನ್ನು ಮೊದಲು ಮಾಸ್ಟರ್ ಶಾಟಿನಲ್ಲಿ ಪೂರ್ತಿ ತೆಗೆದು, ಆಮೇಲೆ ಅದೇ ಅಭಿನಯವನ್ನು ಕ್ಲೋಸಪ್ಪುಗಳಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಈ ಎರಡರ ನಡುವೆ ಊಟದ ವಿರಾಮವೂ ಇರಬಹುದು, ಕಾಲ್‌ಶೀಟ್ ಸಿಗದೆ ಎರಡು ತಿಂಗಳೂ ಇರಬಹುದು. ಸಹಾಯಕ ನಿರ್ದೇಶಕರು ಕಂಟಿನ್ಯೂಟಿ ಶೀಟ್ ಮತ್ತು ಫೋಟೋಗಳ ಆಧಾರದಿಂದ ಎಲ್ಲವನ್ನೂ ಮೊದಲಿನಂತೆ ಇಡಲು ಯತ್ನಿಸುತ್ತಾರೆ. ದೋಷ ಕಾಣಿಸುವುದು ಕಟ್ ಆಗುವ ಜಾಗದಲ್ಲಿಯೇ, ಆದ್ದರಿಂದ ಶಾಟಿನ ಒಳಗೆ ಹುಡುಕದೆ ಕಟ್ಟಿನ ಹಿಂದಿನ ಮತ್ತು ಮುಂದಿನ ಚೌಕಟ್ಟುಗಳನ್ನು ಹೋಲಿಸಬೇಕು. ವಿಎಲ್‌ಸಿಯಲ್ಲಿ ‘ಇ’ ಕೀಲಿ ಒಂದೊಂದೇ ಚೌಕಟ್ಟು ಮುಂದೆ ಸರಿಸುತ್ತದೆ.

ಮೊದಲು ಕೈಗಳನ್ನು ನೋಡಿ: ಯಾವ ಕೈಯಲ್ಲಿ ಫೋನ್, ಯಾವ ಕಿವಿಗೆ? ಆಮೇಲೆ ಮಟ್ಟಗಳನ್ನು: ಲೋಟದ ಕಾಫಿ, ಉರಿಯುವ ಸಿಗರೇಟು, ದೀಪದ ಎಣ್ಣೆ, ಎಲೆಯ ಮೇಲಿನ ಅನ್ನ. ಊಟದ ದೃಶ್ಯಗಳು ಕಂಟಿನ್ಯೂಟಿಯವರ ಪಾಲಿಗೆ ಕಂಟಕ, ಹುಡುಕುವವರಿಗೆ ಸುಗ್ಗಿ. 1990ರ ಹಾಲಿವುಡ್ ಚಿತ್ರ ‘ಪ್ರೆಟಿ ವುಮನ್’ನಲ್ಲಿ ನಾಯಕಿಯ ಕೈಯಲ್ಲಿದ್ದ ಕ್ರೋಸಾಂಟ್ ಕಟ್ ಆದೊಡನೆ ಪ್ಯಾನ್‌ಕೇಕ್ ಆಗಿರುವುದು ಇದರ ಪ್ರಸಿದ್ಧ ನಿದರ್ಶನ. ಬಳಿಕ ಸೆರಗಿನ ಮಡಿಕೆ, ಹಣೆಯ ಕುಂಕುಮದ ಗಾತ್ರ, ಮುಡಿದ ಹೂವು, ಗಾಯದ ಪಟ್ಟಿ ಯಾವ ಕಡೆಗಿದೆ ಎಂಬುದು, ಗಡ್ಡದ ಉದ್ದ. ಮನೆಯಿಂದ ಹೊರಟವನ ಗಡ್ಡ ಬೀದಿಗೆ ಬರುವಷ್ಟರಲ್ಲಿ ಕಾಲಂಗುಲ ಬೆಳೆದಿದ್ದರೆ ಎರಡು ಬೇರೆ ಶೆಡ್ಯೂಲುಗಳು ಅಲ್ಲಿ ಸೇರಿಕೊಂಡಿವೆ.

ಹಿನ್ನೆಲೆಯ ಜನರನ್ನು ಕೊನೆಗೆ ನೋಡಿ. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಕೆಫೆಟೇರಿಯಾದೊಳಗೆ ಗುಂಡು ಹಾರುವ ಮೊದಲೇ ಹಿಂದೆ ಕುಳಿತ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ.

ಇಂಥ ದೋಷಗಳೆಲ್ಲ ಅಜಾಗರೂಕತೆಯಿಂದ ಆದವಲ್ಲ. ಲೋಟ ಸರಿಯಿದ್ದ ಟೇಕಿನಲ್ಲಿ ಅಭಿನಯ ಸಪ್ಪೆಯಾಗಿದ್ದು, ಅಭಿನಯ ಚೆನ್ನಾಗಿದ್ದ ಟೇಕಿನಲ್ಲಿ ಲೋಟ ತಪ್ಪಿದ್ದರೆ ಒಳ್ಳೆಯ ಸಂಕಲನಕಾರ ಎರಡನೆಯದನ್ನೇ ಆರಿಸುತ್ತಾನೆ, ಮತ್ತು ಅವನು ಮಾಡಿದ್ದು ಸರಿ.

ಲಕ್ಷಣ: ಎಡ ಬಲವಾಗಿದೆ, ನೋಟ ತಪ್ಪುತ್ತಿದೆ

ಒಂದು ಶಾಟಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತಿದ್ದರೆ ಸಂಕಲನದಲ್ಲಿ ಚಿತ್ರವನ್ನು ಅಡ್ಡಕ್ಕೆ ತಿರುಗಿಸಿದ್ದಾರೆ. ಅಂಗಡಿಯ ಬೋರ್ಡು ಉಲ್ಟಾ ಇದ್ದರೆ ಸಾಕ್ಷ್ಯ ಪೂರ್ಣ. ಅಕ್ಷರಗಳಿಲ್ಲದಿದ್ದರೆ ಗಂಡಸರ ಅಂಗಿಯ ಜೇಬು ಬಲಕ್ಕೆ ಬಂದಿದೆಯೇ, ಸರ್ಕಾರಿ ಬಸ್ಸಿನ ಬಾಗಿಲು ಬಲಗಡೆಗೆ ಹೋಗಿದೆಯೇ, ವಾಹನಗಳು ರಸ್ತೆಯ ಬಲಕ್ಕೆ ಓಡುತ್ತಿವೆಯೇ ನೋಡಿ. ಸೆರಗು ಬಲಭುಜದ ಮೇಲಿದ್ದ ಮಾತ್ರಕ್ಕೆ ತೀರ್ಮಾನಿಸಬಾರದು. ಕೊಡವ ಶೈಲಿಯ ಸೀರೆಯಲ್ಲಿ ಸೆರಗು ಅಲ್ಲಿಯೇ ಇರುತ್ತದೆ.

ಇಬ್ಬರು ಮಾತನಾಡುವಾಗ ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ತೋರಿದರೆ ಕ್ಯಾಮೆರಾ ಅವರ ನಡುವಿನ ಕಾಲ್ಪನಿಕ ರೇಖೆಯನ್ನು ದಾಟಿದೆ, ಅಂದರೆ 180 ಡಿಗ್ರಿಯ ನಿಯಮ ಮುರಿದಿದೆ. ಗೊಂದಲ ಹುಟ್ಟಿಸಲೆಂದೇ ಇದನ್ನು ಮುರಿಯುವ ನಿರ್ದೇಶಕರಿರುವುದರಿಂದ ದೃಶ್ಯದ ಭಾವವೇ ಗೊಂದಲದ್ದಾಗಿದ್ದರೆ ದೋಷದ ಪಟ್ಟಿಗೆ ಸೇರಿಸಬೇಡಿ. ನೆರಳಿನ ದಿಕ್ಕು ಬದಲಾಗುವುದು ಮಾತ್ರ ಬಹುತೇಕ ನಿಜವಾದ ದೋಷ: ಸೂರ್ಯ ಯಾರ ಕಾಲ್‌ಶೀಟಿಗೂ ಕಾಯುವುದಿಲ್ಲ.

ಯಾವಾಗ ನಿಲ್ಲಿಸಬೇಕು, ಯಾರಿಗೆ ತಿಳಿಸಬೇಕು

ಎರಡು ಬೇರೆ ಸಾಧನಗಳಲ್ಲಿ, ಅಧಿಕೃತ ಆವೃತ್ತಿಯಲ್ಲಿ, ಅದೇ ನಿಮಿಷ ಸೆಕೆಂಡಿನಲ್ಲಿ ಅದೇ ದೋಷ ಕಂಡರೆ ಪತ್ತೆ ಮುಗಿಯಿತು. ಒಟಿಟಿಯಲ್ಲಾದರೆ ಸಮಸ್ಯೆ ವರದಿ ಮಾಡುವ ಆಯ್ಕೆಯಲ್ಲಿ ಭಾಷೆ, ನಿಮಿಷ, ಸೆಕೆಂಡು ಮತ್ತು ಸಾಧನದ ಹೆಸರನ್ನು ನಮೂದಿಸಿ. ‘ಆಡಿಯೋ ಸರಿಯಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಪ್ರಸಾರವಾದ ಮೇಲೂ ತಿದ್ದುಪಡಿ ಆಗುತ್ತದೆ: 2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಒಂದು ಕಂತಿನಲ್ಲಿ ಮೇಜಿನ ಮೇಲೆ ಉಳಿದುಹೋಗಿದ್ದ ಕಾಫಿ ಕಪ್ಪನ್ನು ವೀಕ್ಷಕರು ಗುರುತಿಸಿದ ಬಳಿಕ ಡಿಜಿಟಲ್ ವಿಧಾನದಿಂದ ಅಳಿಸಿ ಹಾಕಿದರು. ಆದ್ದರಿಂದ ನೀವು ಕಂಡ ದೋಷ ಇನ್ನೊಬ್ಬರಿಗೆ ಕಾಣದಿದ್ದರೆ ಇಬ್ಬರೂ ನೋಡಿದ ಆವೃತ್ತಿ ಒಂದೇ ಹೌದೇ ಎಂದು ಕೇಳಿ. ಟಿವಿಯಲ್ಲಿ ಕಥೆಯೇ ಜಿಗಿದಂತೆ ಕಂಡರೆ ಅದು ಬಹುಪಾಲು ಕಂಟಿನ್ಯೂಟಿಯ ತಪ್ಪಲ್ಲ, ಸಮಯ ಹೊಂದಿಸಲು ವಾಹಿನಿಯವರು ಹಾಕಿದ ಕತ್ತರಿ.

ಚಿತ್ರಮಂದಿರದಲ್ಲಿ ಇಡೀ ಧ್ವನಿ ಸರಿದಿದ್ದರೆ ಮಧ್ಯಂತರದವರೆಗೆ ಕಾಯದೆ ವ್ಯವಸ್ಥಾಪಕರಿಗೆ ತಿಳಿಸಿ, ಏಕೆಂದರೆ ಪ್ರೊಜೆಕ್ಷನ್ ಕೊಠಡಿಯಲ್ಲಿ ಅದನ್ನು ಸರಿಪಡಿಸಲು ಅವಕಾಶವಿರುತ್ತದೆ. ಸಾಕ್ಷ್ಯಕ್ಕೆಂದು ಮೊಬೈಲಿನಲ್ಲಿ ಪರದೆಯನ್ನು ಚಿತ್ರೀಕರಿಸುವುದು ಮಾತ್ರ ಖಂಡಿತ ಕೂಡದು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಚಿತ್ರವನ್ನು ಮುದ್ರಿಸಿಕೊಳ್ಳುವುದಕ್ಕೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ. ದೃಶ್ಯ ಯಾವುದು, ಯಾರ ಮಾತು, ಬಾಗಿಲಿನ ಸದ್ದು ಸರಿಯಿತ್ತೇ ಇಲ್ಲವೇ ಎಂಬ ಮೂರು ವಿವರಗಳನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡರೆ ಪ್ರೊಜೆಕ್ಷನ್ ಕೊಠಡಿಯವರಿಗೆ ಅಷ್ಟು ಸಾಕು.